ಗೀಟು ಮೇಷ್ಟ್ರ ಕರುಳು

ಆವತ್ತು ಬೆಳಿಗ್ಗೆ ಡ್ರಾಯಿಂಗ್ ಕೋಣೆಯ ಬೀರುವಿನ ಬಾಗಿಲು ಸಿಕ್ಕಿಹಾಕಿಕೊಂಡಿತ್ತು. ಒಳಗೆ ಬಣ್ಣದ ಡಬ್ಬಿಗಳಿದ್ದವು, ಹೊರಗೆ ಒಂದು ತರಗತಿಯಷ್ಟು ಮಕ್ಕಳಿದ್ದರು, ನಡುವೆ ಡ್ರಾಯಿಂಗ್ ಮೇಷ್ಟ್ರಿದ್ದರು. ಅವರು ಒಂದು ಕಾಲನ್ನು ಬೀರುವಿಗೆ ಒತ್ತಿ, ಉಸಿರು ಬಿಗಿಹಿಡಿದು, ಹಿಡಿಯನ್ನು ಜಗ್ಗಿದರು. ಬಾಗಿಲು ಅಲುಗಲಿಲ್ಲ. ಬಲತೊಡೆಯ ಬುಡದಲ್ಲಿ ಒಳಗೆಲ್ಲೋ ಏನೋ ಒಂದು ಜಾರಿತು.

ಮೇಷ್ಟ್ರು ಅದೆಷ್ಟು ತೆಳ್ಳಗಿದ್ದರೆಂದರೆ ಮಕ್ಕಳು ಅವರನ್ನು ಗೀಟು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಬೋರ್ಡಿನ ಮೇಲೆ ಒಂದು ಉದ್ದ ಗೀಟೆಳೆದು ಪಕ್ಕದಲ್ಲಿ ನಿಂತರೆ ಹಿಂದಿನ ಬೆಂಚಿನವರಿಗೆ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ನಿವೃತ್ತಿ ಹತ್ತಿರ ಬಂದಿತ್ತು. ಸ್ವಭಾವವೂ ಮೈಯಷ್ಟೇ ಸಪೂರ, ಯಾರಿಗೂ ಅಡ್ಡ ಬರುವಂಥದ್ದಲ್ಲ. ಆಕಳಿಕೆ ಬಂದರೂ ಎದ್ದು ಕಾರಿಡಾರಿಗೆ ಹೋಗಿ ಮುಗಿಸಿಕೊಂಡು ಬರುತ್ತಿದ್ದರು.

ಅವರು ಕುಂಟುತ್ತ ಸ್ಟಾಫ್‌ರೂಮಿಗೆ ಬಂದಾಗ ಡ್ರಿಲ್ ಮೇಷ್ಟ್ರು ಬಿಡುವಾಗಿದ್ದರು. ತೊಂದರೆ ಬೆಳೆದದ್ದೇ ಅಲ್ಲಿಂದ.

"ಏನ್ ಸಾರ್, ಕಾಲಿಗೇನಾಯ್ತು?"

"ತೊಡೆ ಒಳಗಡೆ ಹಿಡ್ಕೊಂಡಿದೆ. ಮಂಡೀವರೆಗೂ ಎಳೀತಿದೆ."

"ಸ್ನಾಯು ಸಾರ್, ಇನ್ನೇನಿಲ್ಲ. ಒಂದ್ಸಲ ಎಳೆದುಬಿಟ್ರೆ ಸರಿಹೋಗುತ್ತೆ. ಮೇಜಿನ ಮೇಲೆ ಬೋರಲಾಗಿ ಮಲಗಿ."

ಬೇಡವೆನ್ನುವುದು ಗೀಟು ಮೇಷ್ಟ್ರಿಗೆ ಮೊದಲಿನಿಂದಲೂ ಬಾರದ ಮಾತು. ಮಲಗಿದರು. ಡ್ರಿಲ್ ಮೇಷ್ಟ್ರು ಕಾಲನ್ನು ಹಿಂದಕ್ಕೆತ್ತಿ, ಒದ್ದೆ ಬಟ್ಟೆ ಹಿಂಡುವ ಹಾಗೆ ಒಳಮುಖವಾಗಿ ತಿರುಚಿದರು. ಆಗ ಹೊರಟ ಕೂಗು ಕೇಳಿ ಗೇಟಿನ ಬಳಿ ತೂಕಡಿಸುತ್ತಿದ್ದ ಜವಾನ, ಪಾಠದ ಹೊತ್ತು ಮುಗಿಯಿತೆಂದುಕೊಂಡು ಬೆಲ್ ಹೊಡೆದುಬಿಟ್ಟ. ಮೇಷ್ಟ್ರು ಎದ್ದು ಕೂತವರೇ ಡ್ರಿಲ್ ಮೇಷ್ಟ್ರ ಬಿಳಿ ಬೂಟಿನ ಮೇಲೆ ವಾಂತಿ ಮಾಡಿಕೊಂಡರು. ಅಂಥ ಸ್ಥಿತಿಯಲ್ಲೂ ಬೂಟಿಗೆ ಕ್ಷಮೆ ಕೇಳಿದರು.

ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ ವಿಜ್ಞಾನದ ಮೇಡಂ ಕನ್ನಡಕ ತೆಗೆದರು. "ವಾಂತಿ ಅಂದ್ಮೇಲೆ ಇದು ಹೊಟ್ಟೇದು. ಗ್ಯಾಸ್ ತುಂಬಿದೆ. ಕಾಲು ಯಾವತ್ತಾದ್ರೂ ವಾಂತಿ ಮಾಡುತ್ತಾ?"

"ಹೊಟ್ಟೆ ಯಾವತ್ತಾದ್ರೂ ಕುಂಟುತ್ತಾ?" ಎಂದರು ಡ್ರಿಲ್ ಮೇಷ್ಟ್ರು, ಬೂಟು ಒರೆಸುತ್ತ.

ಅಷ್ಟಕ್ಕೆ ಸ್ಟಾಫ್‌ರೂಮು ಎರಡು ಹೋಳಾಯಿತು. ಕಾಲಿನ ಪಕ್ಷದವರು ತೊಡೆಗೆ ಮುಲಾಮು ತಿಕ್ಕಿದರು. ಹೊಟ್ಟೆಯ ಪಕ್ಷದವರು ಸೋಡಾ ತರಿಸಿ ಕುಡಿಸಿದರು. ಮುಲಾಮು ಉರಿಯಿತು, ಸೋಡಾ ಬಂದ ದಾರಿಯಲ್ಲೇ ವಾಪಸಾಯಿತು. ಮಧ್ಯಾಹ್ನದ ಹೊತ್ತಿಗೆ ಅಂಗಿಯ ಗುಂಡಿಗಳು ಬಿಗಿದುಕೊಂಡು, ಗೀಟಿನ ನಡುವೆ ಯಾರೋ ಸೊನ್ನೆ ಬರೆದ ಹಾಗೆ ಹೊಟ್ಟೆ ಮುಂದೆ ಬಂದಿತ್ತು. ನೋವು ಅಲೆಅಲೆಯಾಗಿ ಬಂದು ಹಿಂಡುತ್ತಿತ್ತು.

ಗಲಾಟೆ ಕೇಳಿ ಹೆಡ್ ಮೇಡಂ ಬಂದರು. ಅವರು ನಕ್ಕದ್ದನ್ನು ಶಾಲೆಯಲ್ಲಿ ಕಂಡವರಿಲ್ಲ. ಅವರು ಒಳಗೆ ಕಾಲಿಟ್ಟರೆ ಕುರ್ಚಿಗಳೂ ಸಾಲಾಗಿ ನಿಂತುಕೊಳ್ಳುತ್ತವೆ ಎಂಬ ಮಾತಿತ್ತು. ಮೇಷ್ಟ್ರನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, "ಕಾಲೋ ಹೊಟ್ಟೆಯೋ, ಆಸ್ಪತ್ರೆಯವರು ಹೇಳ್ತಾರೆ. ನನ್ನ ಕಾರಿಗೆ ಕೂರಿಸಿ," ಎಂದರು. ಎರಡೂ ಪಕ್ಷದ ಮುಖಂಡರು ಹಿಂದಿನ ಸೀಟಿನಲ್ಲಿ ಮೇಷ್ಟ್ರ ಎಡಬಲಕ್ಕೆ ಕೂತರು.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು. "ಕಾಲಿಗಾ, ಹೊಟ್ಟೆಗಾ?"

"ಎರಡಕ್ಕೂ ಅಮ್ಮಾ," ಎಂದರು ಗೀಟು ಮೇಷ್ಟ್ರು.

"ಯಾವುದಾದ್ರೂ ಒಂದು ಹೇಳಿ ಸಾರ್."

ಡ್ರಿಲ್ ಮೇಷ್ಟ್ರ ಧ್ವನಿ ದೊಡ್ಡದಿತ್ತು. ಹಾಗಾಗಿ ಮೊದಲು ಮೂಳೆ ಡಾಕ್ಟರು. ಅವರು ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಈ ವಯಸ್ಸಿನಲ್ಲಿ ಇಷ್ಟು ಒಳ್ಳೆಯ ಮಂಡಿ ಅಪರೂಪವೆಂದು ಹೊಗಳಿ ಕಳಿಸಿದರು. ಆಮೇಲೆ ಹೊಟ್ಟೆಯ ಡಾಕ್ಟರು. ಅವರ ಎಕ್ಸ್‌ರೇಯಲ್ಲಿ ಕರುಳುಗಳು ಗಾಳಿ ತುಂಬಿದ ಸೈಕಲ್ ಟ್ಯೂಬಿನ ಹಾಗೆ ಉಬ್ಬಿ ನಿಂತಿದ್ದವು. "ಕರುಳು ಎಲ್ಲೋ ಕಟ್ಟಿಕೊಂಡಿದೆ. ಎಲ್ಲಿ, ಯಾಕೆ ಅಂತ ಗೊತ್ತಾಗ್ತಿಲ್ಲ. ಹಿಂದೆ ಆಪರೇಷನ್ ಆಗಿಲ್ಲ, ತೊಡೆಸಂದೀಲಿ ಗಂಟೂ ಇಲ್ಲ," ಎಂದು ಅವರು ಸರ್ಜನ್ನರಿಗೆ ಹೇಳಿಕಳಿಸಿದರು. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಓಡಿ ಬಂದರು. "ರೀ, ಬೆಳಿಗ್ಗೆ ಸರಿಯಾಗೇ ಇದ್ರಲ್ಲ," ಎಂದು ಗಂಡನ ಕೈ ಹಿಡಿದುಕೊಂಡವರು ಮತ್ತೆ ಬಿಡಲಿಲ್ಲ.

ಸರ್ಜನ್ ಮಿತಮಾತಿನ ಹೆಂಗಸು. ಎಕ್ಸ್‌ರೇಗಿಂತ ಹೆಚ್ಚು ಹೊತ್ತು ಮೇಷ್ಟ್ರು ಮಲಗಿದ್ದ ಭಂಗಿಯನ್ನೇ ನೋಡಿದರು.

"ಬಲಗಾಲು ಮಡಚಿಕೊಂಡೇ ಇದ್ದೀರಲ್ಲ, ಯಾಕೆ?"

"ಮಡಚಿದ್ರೆ ನೋವು ಸ್ವಲ್ಪ ಕಡಿಮೆ ಅನ್ಸುತ್ತೆ."

"ಹಿಂದಕ್ಕೆ ಎಳೆದು ಒಳಗಡೆ ತಿರುಗಿಸಿದ್ರೆ?"

ಗೀಟು ಮೇಷ್ಟ್ರು ಡ್ರಿಲ್ ಮೇಷ್ಟ್ರ ಕಡೆ ನೋಡಿದರು. "ಅದನ್ನ ಇವರು ಆಗಲೇ ಮಾಡಿದಾರೆ."

ಸರ್ಜನ್ ತಕ್ಷಣ ಸ್ಕ್ಯಾನ್ ಮಾಡಿಸಿದರು. ಅವರ ಅನುಮಾನ ನಿಜವಾಗಿತ್ತು. "ಇದೊಂದು ಅಪರೂಪದ ಹರ್ನಿಯಾ," ಎಂದು ಎಲ್ಲರಿಗೂ ವಿವರಿಸಿದರು. "ಸೊಂಟದ ಮೂಳೇಲಿ, ನರ ತೊಡೆಗೆ ಇಳಿಯೋಕೆ ಅಂತ ಒಂದು ಸಣ್ಣ ಕಿಂಡಿ ಇರುತ್ತೆ. ಬೇರೆಯವರಿಗೆ ಅಲ್ಲಿ ಕೊಬ್ಬು ತುಂಬಿಕೊಂಡು ಭದ್ರವಾಗಿರುತ್ತೆ. ಇವರ ಮೈಲಿ ಕೊಬ್ಬು ಎಲ್ಲಿದೆ? ಕರುಳಿನ ಒಂದು ಸುರುಳಿ ಆ ಕಿಂಡೀಲಿ ನುಗ್ಗಿ ಸಿಕ್ಕಿಹಾಕಿಕೊಂಡಿದೆ. ಪಕ್ಕದ ನರ ಒತ್ತಿಹೋಗಿ ತೊಡೆ ನೋವು. ದಾರಿ ಮುಚ್ಚಿಹೋಗಿ ವಾಂತಿ. ಒಳಗಡೆ ಇರೋದ್ರಿಂದ ಹೊರಗೆ ಗಂಟು ಕಾಣೋಲ್ಲ. ಸಾಮಾನ್ಯವಾಗಿ ಇದು ತೆಳ್ಳಗಿರೋ ಅಜ್ಜಿಯರಿಗೆ ಬರೋದು."

ಕೊನೆಯ ಮಾತನ್ನು ಹೇಳದೆ ಇದ್ದಿದ್ದರೆ ಚೆನ್ನಾಗಿತ್ತೆಂದು ಮೇಷ್ಟ್ರಿಗೆ ಅನ್ನಿಸಿತು.

"ಅಂದ್ರೆ ಕಾಲು ಅಂದಿದ್ದು ಸರಿ," ಎಂದರು ಡ್ರಿಲ್ ಮೇಷ್ಟ್ರು.

"ಕರುಳು ಹೊಟ್ಟೇದು ತಾನೇ," ಎಂದರು ವಿಜ್ಞಾನದ ಮೇಡಂ.

"ತಡ ಮಾಡಿದ್ರೆ ಆ ಸುರುಳಿ ಕೊಳೆತುಹೋಗುತ್ತೆ," ಎಂದರು ಸರ್ಜನ್.

ಸಂಜೆಯೇ ಆಪರೇಷನ್ ಆಯಿತು. ಸಿಕ್ಕಿಬಿದ್ದಿದ್ದ ಕರುಳನ್ನು ಮೆಲ್ಲಗೆ ಬಿಡಿಸಿದಾಗ ಅದು ಕಪ್ಪಿಟ್ಟಿತ್ತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ ಕಾದರು. ಬಣ್ಣ ನಿಧಾನವಾಗಿ ಕೆಂಪಿಗೆ ತಿರುಗಿತು. ಕತ್ತರಿಸುವ ಪ್ರಸಂಗ ಬರಲಿಲ್ಲ. ಕಿಂಡಿಗೆ ಒಳಗಿನಿಂದ ಬಲೆಯ ತೇಪೆ ಹಾಕಿ ಮುಚ್ಚಿದರು. ಹೊರಗೆ ಕಾದಿದ್ದ ಹೆಂಡತಿಗೆ ಸರ್ಜನ್ ಹೇಳಿದರು, "ಈಗ ಕರುಳು ಮತ್ತೆ ಕೆಲಸ ಶುರು ಮಾಡಬೇಕು. ಗಾಳಿ ಹೋದ್ರೆ ಶುರುವಾಯ್ತು ಅಂತ ಅರ್ಥ. ಅಲ್ಲೀವರೆಗೂ ಒಂದು ತೊಟ್ಟು ನೀರೂ ಕೊಡೋ ಹಾಗಿಲ್ಲ."

ಹೀಗೆ, ಆಕಳಿಸಲೂ ಕಾರಿಡಾರಿಗೆ ಹೋಗುತ್ತಿದ್ದ ಮನುಷ್ಯನ ಗಾಳಿಗಾಗಿ ಒಂದು ಶಾಲೆಯೇ ಕಾದು ಕೂತಿತು. ಮಾರನೆಯ ದಿನ ನರ್ಸು ಬಸ್ಸಿನಲ್ಲಿ ಟಿಕೆಟ್ ಕೇಳುವ ಧ್ವನಿಯಲ್ಲಿ, "ಸಾರ್, ಗಾಳಿ ಹೋಯ್ತಾ?" ಎಂದು ವಾರ್ಡಿನ ಆ ತುದಿಯಿಂದಲೇ ಕೂಗುತ್ತಿದ್ದಳು. ಮೇಷ್ಟ್ರು ಮೂಗಿನಲ್ಲಿ ಕೊಳವೆ ಇಟ್ಟುಕೊಂಡು ಕಣ್ಣು ಮುಚ್ಚಿ ಇಲ್ಲವೆಂದು ತಲೆಯಾಡಿಸುತ್ತಿದ್ದರು. ಡ್ರಿಲ್ ಮೇಷ್ಟ್ರು ಮಗ್ಗುಲು ಬದಲಾಯಿಸಿ ನೋಡಿ ಎಂದರು. ವಿಜ್ಞಾನದ ಮೇಡಂ ಅದರ ಬಗ್ಗೆ ಯೋಚಿಸಲೇಬೇಡಿ ಎಂದರು. ಆಮೇಲೆ ಮೇಷ್ಟ್ರಿಗೆ ಬೇರೇನೂ ಯೋಚಿಸಲಾಗಲಿಲ್ಲ. ಬಾಯಿ ಒಣಗಿ ಹಲಗೆಯಾಗಿತ್ತು.

ಮಧ್ಯಾಹ್ನ ಹೆಡ್ ಮೇಡಂ ಬಂದರು. ಗೌರವಕ್ಕೆಂದು ಉಳಿದವರೆಲ್ಲ ಎದ್ದು ಪರದೆಯ ಆಚೆಗೆ ಹೋದರು. ಮೇಡಂ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಮಕ್ಕಳು ವಿಚಾರಿಸಿದರು ಎಂದರು. ಆಮೇಲೆ ಕೈಚೀಲದಿಂದ ಕನ್ನಡಕ ತೆಗೆಯಹೋದರು. ಅದು ಜಾರಿ ಮಂಚದ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು.

ಸದ್ದು ದೊಡ್ಡದಲ್ಲ, ಆದರೆ ಸ್ಪಷ್ಟವಾಗಿತ್ತು.

ಪರದೆಯಾಚೆ ಡ್ರಿಲ್ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಹೆಂಡತಿ ಅಳತೊಡಗಿದರು. ನರ್ಸು ಪರದೆ ಸರಿಸಿ, "ಹೋಯ್ತಾ ಸಾರ್?" ಎಂದಳು.

ಮೇಷ್ಟ್ರು ಹೆಡ್ ಮೇಡಂ ಮುಖ ನೋಡಿದರು. ಮೇಡಂ ಕಿಟಕಿಯ ಆಚೆ ಏನನ್ನೋ ನೋಡುತ್ತಿದ್ದರು. ಅವರ ಕಿವಿಗಳು ಕೆಂಪಾಗಿದ್ದವು.

"ನಾನೇ ಕೇಳಿಸಿಕೊಂಡೆ," ಎಂದರು ಮೇಡಂ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಹೂಂ," ಎಂದರು ಗೀಟು ಮೇಷ್ಟ್ರು.

ಕೊಳವೆ ತೆಗೆದರು. ನೀರು ಕೊಟ್ಟರು, ಆಮೇಲೆ ಹಣ್ಣಿನ ರಸ, ಆಮೇಲೆ ಹೆಂಡತಿಯ ಒತ್ತಾಯಕ್ಕೆ ಇನ್ನೊಂದು ಲೋಟ. ಇನ್ನೂ ನಿದ್ದೆಯಿಂದ ಏಳದಿದ್ದ ಕರುಳು ಅದನ್ನೆಲ್ಲ ಒಪ್ಪಿಕೊಳ್ಳಲಿಲ್ಲ. ಸಂಜೆಗೆ ಹೊಟ್ಟೆ ಮತ್ತೆ ತಮಟೆಯಾಯಿತು. ಕುಡಿದದ್ದೆಲ್ಲ ಹಾಸಿಗೆಯ ಮೇಲೆ ಬಂತು. ಕೊಳವೆ ಮತ್ತೆ ಮೂಗಿಗೆ ಇಳಿಯಿತು. ಇಳಿಯುವಾಗ ಮೊದಲಿಗಿಂತ ಹೆಚ್ಚು ನೋಯಿತು.

ಸರ್ಜನ್ನರಿಗೆ ಕೋಪ ಬಂದಿತ್ತು. "ಹೋಗದೆ ಇದ್ದಿದ್ದನ್ನ ಹೋಯ್ತು ಅಂತ ಯಾಕೆ ಹೇಳಿದ್ರಿ?"

ಎಲ್ಲರೂ ಮೇಷ್ಟ್ರನ್ನೇ ನೋಡಿದರು. ಮಂಚದ ಕಾಲ ಬಳಿ ನಿಂತಿದ್ದ ಹೆಡ್ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಮೇಷ್ಟ್ರೇ, ಮಕ್ಕಳಿಗೆ ಪಾಠ ಹೇಳೋರು ನಾವು. ಆರೋಗ್ಯದ ವಿಷಯದಲ್ಲಿ ಹೀಗೆಲ್ಲ ಸುಳ್ಳು ಹೇಳಬಾರದು."

ಮೇಷ್ಟ್ರು ತಪ್ಪಾಯಿತೆಂದು ತಲೆಯಾಡಿಸಿದರು.

"ಇನ್ಮೇಲೆ ಇವರ ಮಾತು ನಂಬೋ ಹಾಗಿಲ್ಲ," ಎಂದರು ಸರ್ಜನ್. "ಜವಾಬ್ದಾರಿ ಇರೋರು ಯಾರಾದ್ರೂ ಒಬ್ಬರು ಪಕ್ಕದಲ್ಲೇ ಕೂತು, ಕಿವಿಯಾರೆ ಕೇಳಿ ನಮಗೆ ಹೇಳಬೇಕು."

ಹೆಡ್ ಮೇಡಂ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.

"ನಾನು ಕೂತಿರ್ತೀನಿ," ಎಂದರು.