ಅತ್ತೆಯ ಹಲ್ಲು, ಅಳಿಯನ ದನಿ

ಇಪ್ಪತ್ತೆರಡು ವರ್ಷಗಳಲ್ಲಿ ಅರವತ್ತೆಂಟು ಕ್ಯಾಸೆಟ್ಟು ತುಂಬ ಹಾಡಿದ ಮನುಷ್ಯನಿಗೆ, ಒಂದನ್ನಾದರೂ ಕೊನೆಯವರೆಗೆ ಕೂತು ಕೇಳುವ ಒಬ್ಬನೇ ಒಬ್ಬ ಕೇಳುಗ ಸಿಗಲಿಲ್ಲವೆಂದರೆ ತಪ್ಪು ಯಾರದು? ಲೋಕದ್ದು ಎಂಬುದರಲ್ಲಿ ದಂತಶಿಲ್ಪಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

(ದಂತಶಿಲ್ಪಿ ಎಂಬುದು ಅವನೇ ಬರೆಸಿಕೊಂಡ ಬೋರ್ಡಿನ ಮಾತು. ಬೀದಿಯವರು ಕರೆಯುವುದು 'ಹಲ್ಲಿನವರು' ಎಂದು.) ನಾಲ್ಕೈದು ಹಲ್ಲಿನ ಡಾಕ್ಟರುಗಳು ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಇವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಪ್ಲಾಸ್ಟರಿನಲ್ಲಿ ಅಚ್ಚು ಎರೆದು, ಮೇಣದಲ್ಲಿ ಹಲ್ಲು ಜೋಡಿಸಿ, ಒಸಡಿನ ಬಣ್ಣದ ಪುಡಿ ಕಲಸಿ ಬೇಯಿಸಿ, ಮೋಟರಿಗೆ ಹಿಡಿದು ಪಾಲಿಶ್ ಮಾಡಿ ಸೆಟ್ಟು ಸಿದ್ಧಪಡಿಸುತ್ತಾನೆ. ಪ್ರತಿ ಗುರುವಾರ ಅವನ್ನೆಲ್ಲ ಡಬ್ಬಿಗೆ ತುಂಬಿಕೊಂಡು ಹೋಗಿ ತಲುಪಿಸಿ ಬರುತ್ತಾನೆ. ಅವನ ಸ್ವಂತ ಮೇಲಿನ ಸಾಲು ಐವತ್ತಕ್ಕೇ ಕೈಕೊಟ್ಟಿದ್ದರಿಂದ, ತನ್ನ ಕೈಕೆಲಸವನ್ನು ತನ್ನ ಬಾಯಲ್ಲೇ ಇಟ್ಟುಕೊಂಡು ತಿರುಗುವ ಪ್ರಾಮಾಣಿಕ. ಇದಿಷ್ಟು ಹೊಟ್ಟೆಪಾಡು.

ಆತ್ಮದ ಪಾಡು ಹಿಂದಿನ ಸಾಮಾನು ಕೋಣೆಯಲ್ಲಿ. ಅಲ್ಲಿ ಮೂರು ಸ್ವರ ಸತ್ತುಹೋದ ಒಂದು ಹಾರ್ಮೋನಿಯಂ ಇತ್ತು. ತಾಳಕ್ಕೆ ಬಟ್ಟೆ ನೆನೆಸುವ ತಗಡಿನ ಬೋಗುಣಿ. ಶ್ರುತಿಗೆ ಹಳೆಯ ಪಾಲಿಶ್ ಮೋಟರು. ಸ್ವಿಚ್ಚು ಒತ್ತಿದರೆ ಒಂದೇ ದನಿಯಲ್ಲಿ ಗೊಂಯ್ ಎನ್ನುತ್ತಿತ್ತು, ಗಂಟೆಗಟ್ಟಲೆ ದಣಿಯುತ್ತಿರಲಿಲ್ಲ. ಇವೆಲ್ಲದರ ನಡುವೆ ಒಂದು ಟೇಪ್ ರೆಕಾರ್ಡರು. ಹೊಸ ಕ್ಯಾಸೆಟ್ಟು ಈಗ ಎಲ್ಲಿ ಸಿಗಬೇಕು? ಗುಜರಿಯಿಂದ ಹಳೆಯವನ್ನು ತಂದು ಅವುಗಳ ಮೇಲೇ ಹಾಡುತ್ತಿದ್ದ. ಅಳಿಸಬಾರದೆಂದು ಯಾರೋ ಕಟ್ಟೆಚ್ಚರದಿಂದ ಬೆನ್ನಿನ ಪ್ಲಾಸ್ಟಿಕ್ ಕಿವಿ ಮುರಿದಿಟ್ಟ ಕ್ಯಾಸೆಟ್ಟೂ ಮರುಮಾತಿಲ್ಲದೆ ತುಂಬಿಕೊಳ್ಳಲಿ ಎಂದು ಮಿಷನ್ನಿನೊಳಗೆ ಶಾಶ್ವತವಾಗಿ ಒಂದು ಬೆಂಕಿಕಡ್ಡಿ ಸಿಕ್ಕಿಸಿದ್ದ. ಅದರ ಕಿಟಕಿಯ ಗಾಜಿಗೆ ಪ್ಲಾಸ್ಟರು ಮೆತ್ತಿಕೊಂಡು, ಒಳಗೆ ಯಾವ ಕ್ಯಾಸೆಟ್ಟಿದೆ ಎಂಬುದು ಕಾಣಿಸದೆ ಎಷ್ಟೋ ವರ್ಷವಾಗಿತ್ತು.

ಹಾಡು ಅವನದೇ, ರಾಗ ಅವನದೇ, ಬೋಗುಣಿ ಮಾತ್ರ ಹೆಂಡತಿಯದು.

'ಬಾಗಿಲೇ ಬಾಗಿಲೇ, ಯಾಕೆ ನಿಂತೇ ಇದ್ದೀಯ, ಕೂತವರೆಲ್ಲ ಎದ್ದು ಹೋದರು, ನೀನೊಂದು ಕೂರಬಾರದಾ' ಎಂಬೆರಡು ಸಾಲನ್ನು ಅವನು ಇಪ್ಪತ್ತಾರು ನಿಮಿಷ ಹಾಡಿದ್ದುಂಟು. ಹಾಡುವಾಗ ಅವನ ಕಣ್ಣಲ್ಲಿ ನಿಜವಾಗಿ ನೀರು ಬರುತ್ತಿತ್ತು. ಒಮ್ಮೆ ರಿಪೇರಿಗೆ ಬಂದು ಸಿಕ್ಕಿಬಿದ್ದ ಎಲೆಕ್ಟ್ರಿಷಿಯನ್ನು, ನಾಲ್ಕನೆಯ ನಿಮಿಷಕ್ಕೆ ಬೇರೆಲ್ಲೋ ಮೇನ್ ಸ್ವಿಚ್ಚು ಹಾಕಿಯೇ ಬಂದದ್ದು ನೆನಪಾಗಿ, ಓಡಿದ. ಹೆಂಡತಿ ಮದುವೆಯಾದ ಹೊಸತರಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಆಮೇಲೆ ಹಾಲು ಉಕ್ಕತೊಡಗಿತು. ಅಂದಿನಿಂದ ಅವನು ಹಾಡು ಶುರುಮಾಡಿದಾಗಲೆಲ್ಲ ಆ ಮನೆಯಲ್ಲಿ ಹಾಲು ಉಕ್ಕುತ್ತಲೇ ಇದೆ. ಹಿತ್ತಲ ಗಿಡ ಮದ್ದಲ್ಲ, ಏನು ಮಾಡುವುದು!

ಒಂದು ಶುಕ್ರವಾರ ಅವನಿಗೆ ಭಾರಿ ಸ್ಫೂರ್ತಿ ಬಂತು. ಕೋಣೆಗೆ ನುಗ್ಗಿದವನೇ ಮೋಟರು ಹಾಕಿ, ಗುಂಡಿ ಒತ್ತಿ, ಒಂದೇ ಉಸಿರಿಗೆ ಅರವತ್ತೊಂಬತ್ತನೆಯ ಸಂಪುಟ ಹಾಡಿ ಮುಗಿಸಿದ. ಬೆವರೊರೆಸಿಕೊಂಡು ಟೇಪನ್ನು ಹಿಂದಕ್ಕೆ ತಿರುಗಿಸಿ ಕೇಳುತ್ತ ಕೂತ. ಏನು ಗಾಂಭೀರ್ಯ, ಏನು ದುಃಖ! ಹಾಡು ಮುಗಿಯಿತು, ಮೋಟರು ನಿಂತಿತು. ಆಗ ಒಂದು ಹೆಣ್ಣುದನಿ ಸ್ಪಷ್ಟವಾಗಿ ಹೇಳಿತು:

"ಸಾಕು, ನಿಲ್ಲಿಸೇ. ಎಷ್ಟು ಹೊತ್ತು ಅಂತ!"

ದಂತಶಿಲ್ಪಿ ತಟ್ಟನೆ ಎದ್ದು ನಿಂತ. ಅದು ಅತ್ತೆಯವರ ದನಿ. ಅತ್ತೆಯವರು ತೀರಿಕೊಂಡು ಎಂಟು ವರ್ಷ. ತನ್ನ ಹಾಡನ್ನು ವಿಮರ್ಶಿಸಲೆಂದೇ ಅಷ್ಟು ದೂರದಿಂದ ಬಂದರೇ ಎಂದು ಒಂದು ಕ್ಷಣ ಕೈಮುಗಿದೂ ಬಿಟ್ಟ. ಆಮೇಲೆ ಮಿಷನ್ನಿನ ಬಾಯಿ ತೆಗೆದು ನೋಡಿದ. ಕ್ಯಾಸೆಟ್ಟಿನ ಮೇಲೆ ಹೆಂಡತಿಯ ಕೈಬರಹದಲ್ಲಿ 'ಅಮ್ಮ' ಎಂದಿತ್ತು.

ಕೊನೆಗಾಲದಲ್ಲಿ ಅತ್ತೆಯವರು ಇದೇ ಮನೆಯಲ್ಲಿದ್ದರು. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಮಗಳು ಅವರನ್ನು ಕೂರಿಸಿ ಅರ್ಧ ಗಂಟೆ ಮಾತು ಹಿಡಿದಿಟ್ಟಿದ್ದಳು. ಆಸ್ಪತ್ರೆಯಿಂದ ಅವರು ವಾಪಸು ಬರಲಿಲ್ಲ. ಅವಳಿಗೆ ತಾಯಿಯೆಂದು ಉಳಿದದ್ದು ಆ ಅರ್ಧ ಗಂಟೆ ಮಾತ್ರ. ಈಗ ಅದರಲ್ಲಿ ಉಳಿದದ್ದು ಎರಡು ಮಾತು.

ಗಾಯದ ಮೇಲೆ ಬರೆ ಎಂಬಂತೆ ಅಡುಗೆಮನೆಯಿಂದ ದನಿ ಬಂತು. "ರೀ, ಭಾನುವಾರ ಅಣ್ಣ ಬರ್ತಾನಂತೆ. ಅಮ್ಮನ ಟೇಪು ಕೇಳಬೇಕಂತೆ ಅವನಿಗೆ."

ಅಣ್ಣನೆಂದರೆ ಹಡಗಿನಲ್ಲಿ ಅಡುಗೆಯವನಾಗಿದ್ದವನು. ತಾಯಿಯೊಡನೆ ಜಗಳವಾಡಿಕೊಂಡು ಹಡಗು ಹತ್ತಿದ್ದ. ಅವರು ಕಣ್ಣು ಮುಚ್ಚಿದಾಗ ನಡುನೀರಿನಲ್ಲಿದ್ದ. ಈಗ ಕೆಲಸ ಮುಗಿಸಿ ನೆಲ ಸೇರಿದ್ದಾನೆ.

"ಬರಲಿ, ಬರಲಿ, ಸಂತೋಷ" ಎಂದ ದಂತಶಿಲ್ಪಿ. ನಿಜ ಹೇಳಿಬಿಡಲೇ ಎಂದುಕೊಂಡು ಅಡುಗೆಮನೆಯ ಬಾಗಿಲತನಕ ಹೋದ. ಅವಳು ಒಲೆಯ ಮುಂದೆ ಅವನಿಗೆ ಬೆನ್ನು ಹಾಕಿ ನಿಂತಿದ್ದಳು. ಆ ಬೆನ್ನಿಗೆ ಹೇಗೆ ಹೇಳುವುದು? ಒಂದು ಲೋಟ ನೀರು ಕುಡಿದು ವಾಪಸು ಬಂದ.

ಶನಿವಾರ ಅವಳು ಅಣ್ಣನಿಗೆಂದು ಸಾಮಾನು ತರಲು ಪೇಟೆಗೆ ಹೋದಳು. ದಂತಶಿಲ್ಪಿಗೆ ಎರಡು ಗಂಟೆ ಸಿಕ್ಕಿತು. ಅವನಿಗೊಂದು ಮಹದಾಲೋಚನೆ ಹೊಳೆದಿತ್ತು. (ಸಂಸಾರಗಳು ಹಾಳಾಗಿರುವುದೆಲ್ಲ ಇಂಥ ಆಲೋಚನೆಗಳಿಂದಲೇ.) ಅತ್ತೆಯವರ ಹಲ್ಲಿನ ಸೆಟ್ಟು ಮಾಡಿಕೊಟ್ಟವನು ಅವನೇ. ಅದು ಸ್ವಲ್ಪ ಸಡಿಲವಾಗಿ, ಅವರು 'ಸ' ಎಂದಾಗಲೆಲ್ಲ ಒಂದು ಸಣ್ಣ ಸಿಳ್ಳೆ ಬರುತ್ತಿತ್ತು. 'ಸರಿಮಾಡಿಕೊಡ್ತೀನಿ ಅತ್ತೆ' ಎನ್ನುತ್ತ ಎರಡು ವರ್ಷ ತಳ್ಳಿದ್ದ. ಅವರ ಬಾಯಿಯ ಅಚ್ಚು ಇನ್ನೂ ಕಪಾಟಿನಲ್ಲಿತ್ತು. ಶುಕ್ರವಾರ ರಾತ್ರಿಯಿಡೀ ಅರ್ಜೆಂಟ್ ಆರ್ಡರು ಎಂದು ಹೇಳಿ ಕೂತು ಅದರ ಮೇಲೆ ಹೊಸದಾಗಿ ಮೇಲಿನ ಸಾಲನ್ನು ಎರೆದಿದ್ದ. ಈಗ ತನ್ನ ಹಲ್ಲನ್ನು ಬಿಚ್ಚಿ ಲೋಟದಲ್ಲಿಟ್ಟು, ಅತ್ತೆಯ ಹಲ್ಲಿಗೆ ಮೇಣ ಮೆತ್ತಿ ಬಾಯಿಗೆ ಏರಿಸಿದ. "ಸಾಸಿವೆ" ಎಂದು ನೋಡಿದ. ಸಿಳ್ಳೆ ಬಂತು.

ಅರವತ್ತೊಂಬತ್ತನೆಯ ಸಂಪುಟವನ್ನು ಕೈಯಾರೆ ಅಳಿಸುತ್ತ ಅವನು ಅತ್ತೆಯ ದನಿಯಲ್ಲಿ ಮಾತಾಡಿದ. ಆ ಟೇಪನ್ನು ಅವನು ಎಂಟು ವರ್ಷದ ಹಿಂದೆ ಗೋಡೆಯಾಚೆಯಿಂದ ಕೇಳಿದ್ದಷ್ಟೆ; ನೆನಪಾದದ್ದನ್ನು ಹೇಳಿದ. ಬೀರುವಿನ ಬಾಗಿಲನ್ನು ಎತ್ತಿ ತಳ್ಳಬೇಕು, ಚಳಿಗೆ ಕಿವಿ ಮುಚ್ಚಿಕೊ, ಬೀಗ ಹಾಕಿ ಎರಡು ಸಲ ಎಳೆದು ನೋಡು, ಹೀಗೇ ಏನೇನೋ. ಮಗನಿಗೂ ಒಂದು ಮಾತಿರಲಿ ಎಂದು, "ನನ್ನ ಮಗ ಬರಲಿಲ್ಲ ಅಂತ ನಂಗೆ ಸಿಟ್ಟಿಲ್ಲ ಕಣೇ, ಎಲ್ಲಿದ್ದರೂ ಸುಖವಾಗಿರಲಿ ಅನ್ನು" ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಕಲಾವಿದನ ಬುದ್ಧಿ, ಕೇಳಬೇಕಲ್ಲ! "ಅಳಿಯಂದಿರ ಹಾಡು ಕೇಳ್ತಾ ಇದ್ದರೆ ನೋವೇ ಮರೆತುಹೋಗುತ್ತೆ. ಸಾಕ್ಷಾತ್ ಸರಸ್ವತಿ ಒಲಿದಿದ್ದಾಳೆ" ಎಂದೂ ಸೇರಿಸಿದ. ಕೊನೆಯಲ್ಲಿ ಅತ್ತೆಯವರ ನಿಜವಾದ ಎರಡು ಮಾತನ್ನು ಮುಟ್ಟದೆ ಬಿಟ್ಟ.

ಭಾನುವಾರ ಹೆಂಡತಿಯ ಅಣ್ಣ, ದಂತಶಿಲ್ಪಿಯ ಭಾವ, ಬಂದರು. ದೊಡ್ಡ ಆಳು, ಸುಟ್ಟ ಗಾಯಗಳ ದೊಡ್ಡ ಕೈಗಳು. ಕುರ್ಚಿಯ ತುದಿಯಲ್ಲಿ ಕೂತರು. ಹೆಂಡತಿ ನೆಲದ ಮೇಲೆ ಕೂತಳು. ದಂತಶಿಲ್ಪಿ ಗುಂಡಿ ಒತ್ತಿ, "ಟೇಪು ಹಳೇದು, ದನಿ ಒಂಚೂರು ಹೆಚ್ಚುಕಡಿಮೆ ಇರಬಹುದು" ಎಂದ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು.

"ಹೂಂ" ಎಂದು ಟೇಪು ಶುರುವಾಯಿತು. ಹೆಂಡತಿ ತಟ್ಟನೆ ತಲೆಯೆತ್ತಿ ಗಂಡನನ್ನು ನೋಡಿದಳು. ಅವನು ಸೂರು ನೋಡಿದ. ಅವಳು ಮತ್ತೆ ತಲೆ ತಗ್ಗಿಸಿದವಳು ಎತ್ತಲಿಲ್ಲ. ಮಗನ ಮಾತು ಬಂದಾಗ ಭಾವ ಆ ದೊಡ್ಡ ಕೈಗಳಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟರು. ದಂತಶಿಲ್ಪಿಗೂ ಅಳು ಬಂತು. ಅರ್ಧ ಪಶ್ಚಾತ್ತಾಪ, ಅರ್ಧ ಹೆಮ್ಮೆ. ಇದೇ ಮೊದಲ ಸಲ ಅವನ ಕೃತಿಯೊಂದನ್ನು ಇಬ್ಬರು ಕೊನೆಯವರೆಗೆ ಕೇಳಿದ್ದರು, ಒಬ್ಬರಂತೂ ಅತ್ತಿದ್ದರು. ಆದರೆ ಅದು ತನ್ನದೆಂದು ಹೇಳಿಕೊಳ್ಳುವ ಹಾಗಿಲ್ಲ!

"ಅಮ್ಮ ನಿಮ್ಮ ಹಾಡು ಕೇಳ್ತಿದ್ದಳಾ?" ಎಂದರು ಭಾವ ಕಣ್ಣೊರೆಸಿಕೊಂಡು.

"ಏನೋ, ಅವರ ದೊಡ್ಡ ಗುಣ" ಎಂದ ದಂತಶಿಲ್ಪಿ ವಿನಯದಿಂದ.

ಹೆಂಡತಿಗೆ ಕೆಮ್ಮು ಬಂತು.

ಹೊರಡುವಾಗ ಭಾವ ಹಿಂಜರಿಯುತ್ತ ಕೇಳಿದರು. "ಈ ಟೇಪು ನಾನು ತಗೊಂಡು ಹೋಗಲೇನಮ್ಮಾ?"

"ತಗೊಂಡು ಹೋಗು ಅಣ್ಣ" ಎಂದಳು ಅವಳು. ಒಂದು ಚಣವೂ ಯೋಚಿಸಲಿಲ್ಲ.

ಆಗ ದಂತಶಿಲ್ಪಿಗೆ ಗುಮಾನಿ ಬಂತು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ತಾಯಿಯ ಒಂದೇ ಒಂದು ಟೇಪನ್ನು ಯಾವ ಮಗಳು ಹಾಗೆ ಎತ್ತಿಕೊಡುತ್ತಾಳೆ? ಭಾವನ ಆಟೋ ತಿರುವು ದಾಟುವತನಕ ಅವಳು ಬಾಗಿಲಲ್ಲಿ ನಿಂತು ಕೈಬೀಸಿದಳು. ಆಮೇಲೆ ತಿರುಗಿದಳು.

"ಕೋಣೆಗೆ ಬನ್ನಿ."

"ಏನೇ ವಿಷಯ?" ಎಂದ ಅವನು, ಇಂಗು ತಿಂದ ಮಂಗನ ಮುಖ ಮಾಡಿಕೊಂಡು.

"ಪ್ರತಿ ಗುರುವಾರ ನೀವು ಸೆಟ್ಟು ಕೊಡೋಕೆ ಹೋದಾಗ ನಾನು ಅಮ್ಮನ ಟೇಪು ಕೇಳ್ತಿದ್ದೆ. ಎಂಟು ವರ್ಷ. ಎಲ್ಲಿ ಕೆಮ್ಮುತ್ತಾಳೆ, ಎಲ್ಲಿ ನೀರು ಕೇಳ್ತಾಳೆ ಎಲ್ಲ ಬಾಯಿಪಾಠ ನನಗೆ. ಮೊನ್ನೆ ಕೇಳಿ ಮುಗಿಸಿ ಟೇಪು ಮೊದಲಿಗೆ ಸುತ್ತುವಾಗ ಅಣ್ಣನ ಫೋನು ಬಂತು, ತೆಗೆದಿಡೋದು ಮರೆತೆ. ಒಂದೇ ಒಂದು ಸಲ ಮರೆತೆ ರೀ."

ಅವನು ಬೋಗುಣಿಯನ್ನು ಗೋಡೆಯತ್ತ ಸರಿಸಿದ.

"ನಮ್ಮಮ್ಮ ನಿಮ್ಮ ಹಾಡಿನ ಬಗ್ಗೆ ಅಂದಿದ್ದು ಒಂದೇ ಮಾತು. 'ಆ ಮೋಟರು ನಿಲ್ಲಿಸೋಕೆ ಹೇಳೇ, ತಲೆ ಸಿಡಿದುಹೋಗ್ತಿದೆ' ಅಂತ. ಸರಸ್ವತಿ ಅಂತೆ, ಸರಸ್ವತಿ!"

"ಹಾಗಾದರೆ ಭಾವನ ಮುಂದೆ ಯಾಕೆ ಸುಮ್ಮನಿದ್ದೆ?"

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಅಣ್ಣನ ಬಗ್ಗೆ ಅಮ್ಮ ಆ ಟೇಪಲ್ಲಿ ಹೇಳಿದ್ದು ಬೇರೆ. 'ಅವನು ಬಂದರೆ ಬಾಗಿಲು ತೆಗೀಬೇಡ' ಅಂದಿದ್ದಳು. ಅವನು ಕೇಳಬೇಕು ಅಂದಾಗಿಂದ ಹೇಗಪ್ಪಾ ಕೇಳಿಸಲಿ ಅಂತ ನನಗೆ ನಿದ್ದೆ ಇಲ್ಲ. ನೀವು ಅಮ್ಮನ ಬಾಯಲ್ಲಿ ಸಿಟ್ಟಿಲ್ಲ ಅನ್ನಿಸಿದಿರಿ. ಅವನ ಎದೆ ಹಗುರ ಆಯ್ತು. ಕೊನೇಲಿ ಎರಡು ಮಾತು ನಿಜವಾದ ಅಮ್ಮ ಇದ್ದಳಲ್ಲ, ಅದೂ ಅವನಿಗೇ ಇರಲಿ ಅಂತ ಕೊಟ್ಟೆ. ನನಗೇನುಳೀತು?"

ಹೀಗೆಂದು ಅವಳು ಅವನ ಸಂಪುಟಗಳ ಸಾಲಿನಿಂದ ಮೊಟ್ಟಮೊದಲನೆಯದನ್ನು ಎಳೆದು ಮಿಷನ್ನಿಗೆ ಹಾಕಿದಳು.

"ಅಯ್ಯಯ್ಯೋ, ಅದು ನನ್ನ ಮೊದಲನೇದು ಕಣೇ! ಅಂಥದ್ದು ಇನ್ನೊಂದಿಲ್ಲ!"

"ನಮ್ಮಮ್ಮನದೂ ಇನ್ನೊಂದು ಇರಲಿಲ್ಲ. ಆ ಸಿಳ್ಳೆ ಹೇಗೆ ಬಂತು ಅಂತ ಗೊತ್ತು ನನಗೆ, ಅಮ್ಮನ ಹಲ್ಲು ಹಾಕಿಕೊಳ್ಳಿ."

ಹಾಕಿಕೊಂಡ. ಅವಳು ಗುಂಡಿ ಒತ್ತಿ ಎದುರಿಗೆ ಕೂತು ಕಣ್ಣು ಮುಚ್ಚಿದಳು.

"ಅಮ್ಮಾ" ಎಂದಳು.

ದಂತಶಿಲ್ಪಿ ಗಂಟಲು ಸರಿಮಾಡಿಕೊಂಡ. "ಹೂಂ, ಹೇಳೇ."

"ಹಾಗಲ್ಲ. ಅಮ್ಮ ಮೊದಲು 'ಊಟ ಆಯ್ತಾ' ಅಂತಾಳೆ."

"ಊಟ ಆಯ್ತೇನೇ?"

"ಆಯ್ತಮ್ಮಾ. ಬಚ್ಚಲ ನಲ್ಲಿ ಎರಡು ವರ್ಷದಿಂದ ಸೋರ್ತಿದೆ ಅಮ್ಮಾ, ಇವರು ಅದರ ಮೇಲೊಂದು ಹಾಡು ಕಟ್ಟಿದರೇ ಹೊರತು ರಿಪೇರಿ ಮಾಡಿಸಲಿಲ್ಲ."

"ಅಯ್ಯೋ ಪಾಪ" ಎಂದ ಅವನು, ಸಿಳ್ಳೆಯೊಡನೆ ಉಸಿರು ಬಿಟ್ಟು. "ಅಳಿಯಂದಿರ ಬುದ್ಧಿಯೇ ಅಷ್ಟು ಬಿಡೇ."

ಅವಳ ತುಟಿಯಂಚಿನಲ್ಲಿ ಸಣ್ಣ ನಗೆ ಮೂಡಿತು. ಅದನ್ನು ಕಂಡು ಅವನಿಗೂ ಧೈರ್ಯ ಬಂತು. ಬೋಗುಣಿಯ ದೂರು ಬಂತು, ಮೋಟರಿನ ದೂರು ಬಂತು, ಇಪ್ಪತ್ತೆರಡು ವರ್ಷದ ದೂರುಗಳು ಒಂದರ ಹಿಂದೊಂದು ಬಂದವು. ಎಲ್ಲದಕ್ಕೂ ಅವನು ತನ್ನನ್ನೇ ಚೆನ್ನಾಗಿ ಬೈದುಕೊಂಡ. ಅತ್ತೆಯವರು ಇದ್ದಿದ್ದರೆ ಅಷ್ಟು ಬೈಯುತ್ತಿದ್ದರೋ ಇಲ್ಲವೋ.

ಟೇಪು ಸುತ್ತುತ್ತಿತ್ತು. ದೂರುಗಳು ಮುಗಿದವು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು: "ಅಮ್ಮಾ, ನೀನೊಬ್ಬಳು ಉಳಿದಿದ್ದೆ. ಇವರು ನಿನ್ನನ್ನೂ ಅಳಿಸಿಬಿಟ್ಟರು ಕಣಮ್ಮಾ."

ಮುಚ್ಚಿದ ಕಣ್ಣಿನಿಂದ ನೀರಿಳಿಯಿತು. ದಂತಶಿಲ್ಪಿಗೆ ತನ್ನ ಸ್ವಂತ ದನಿಯಲ್ಲಿ ತಪ್ಪಾಯಿತು ಎಂದು ಹೇಳಬೇಕೆನಿಸಿತು. ಆದರೆ ಅವಳು ಕೇಳಿದ್ದು ಅವನನ್ನಲ್ಲ. ಅತ್ತೆಯವರು ಇದ್ದಿದ್ದರೆ ಏನನ್ನುತ್ತಿದ್ದರು ಎಂದು ಅವನು ಪ್ರಾಮಾಣಿಕವಾಗಿ ಯೋಚಿಸಿದ. ಜೀವಮಾನದಲ್ಲಿ ಯಾವ ಹಾಡಿನ ಮುಂದಿನ ಸಾಲಿಗೂ ಅಷ್ಟು ಯೋಚಿಸಿರಲಿಲ್ಲ.

"ಅಳಬೇಡ ಕಣೇ" ಎಂದ ಕೊನೆಗೆ. "ಸುಮ್ಮನಿರು. ಅಳಿಯಂದಿರಿಗೆ ಇವತ್ತು ಊಟ ಹಾಕಬೇಡ. ತಾನೇ ಬುದ್ಧಿ ಬರುತ್ತೆ."

ಅವಳು ಕಣ್ಣು ತೆರೆದು, ಒರೆಸಿಕೊಂಡು, "ಹೂಂ ಅಮ್ಮಾ" ಎಂದಳು. ಟೇಪು ಟಕ್ಕೆಂದು ನಿಂತಿತು. ಅವಳು ಕ್ಯಾಸೆಟ್ಟನ್ನು ತೆಗೆದು ಅದರ ಕಿವಿ ಮುರಿದು, ಮಿಷನ್ನಿನಿಂದ ಬೆಂಕಿಕಡ್ಡಿಯನ್ನು ಕಿತ್ತು ಎಸೆದು ಹೊರಟುಹೋದಳು.

ಗಂಡಾಂತರ ಕಳೆಯಿತು ಎಂದುಕೊಂಡ ದಂತಶಿಲ್ಪಿ. ಅತ್ತೆಯ ಹಲ್ಲು ಬಿಚ್ಚಿ, ತನ್ನದನ್ನು ತೊಳೆದು ಹಾಕಿಕೊಂಡು, ಹೊತ್ತು ಮುಳುಗುವಾಗ ಹಸಿದ ಹೊಟ್ಟೆಯಲ್ಲಿ ಅಡುಗೆಮನೆಗೆ ಹೋದ. ಘಮಘಮ ಎನ್ನುತ್ತಿತ್ತು. ಒಂದೇ ತಟ್ಟೆ ಇತ್ತು. ಅದರ ಮುಂದೆ ಅವಳು ಕೂತು ನಿಧಾನವಾಗಿ ಉಣ್ಣುತ್ತಿದ್ದಳು.

"ನನಗೇ?" ಎಂದ.

"ಅಮ್ಮ ಬೇಡ ಅಂದಿದ್ದಾಳೆ."

"ಲೇ, ಅದು ನಾನೇ ಹೇಳಿದ್ದು ಕಣೇ!"

ಅವಳು ತುತ್ತನ್ನು ಬಾಯಿಗಿಟ್ಟು, ಅಗಿದು, ನುಂಗಿ ಆಮೇಲೆ ಹೇಳಿದಳು: "ನೀವು ಹೇಳಿದ್ದರೆ ನಾನು ಕೇಳ್ತಿದ್ದೆನಾ?"