ಬಲೆ ಕಟ್ಟಿದ ಕ್ರಿಸ್‌ಮಸ್

ಕ್ರಿಸ್‌ಮಸ್ಸಿಗೆ ಮನೆ ಬೆಚ್ಚಗಿರಬೇಕು ಎಂದು ಉಪದೇಶಿಸುವವರು ಒಮ್ಮೆ ಡಿಸೆಂಬರಿನಲ್ಲಿ ಕಾರವಾರದ ಕಡಲಂಚಿನ ನಮ್ಮ ಮಾಜಾಳಿಗೆ ಬಂದು ಕೂರಬೇಕು. ಫ್ಯಾನು ನಿಂತರೆ ಬನಿಯನ್ನು ಬೆನ್ನಿಗೆ ಅಂಟುತ್ತದೆ. ಆದರೂ ಆ ವರ್ಷ ಮನೆಯನ್ನು ಬೆಚ್ಚಗೆ ಮಾಡುವ ಹುಚ್ಚು ನನಗೇ ಹಿಡಿಯಿತು. ಕಾರಣ, ಸೊಸೆ ಜೆನಿಟಾ. ದಿನಾ ಗೋವೆಗೆ ಕೆಲಸಕ್ಕೆ ಹೋಗುವ ಮಗ ಅಲ್ಲಿಯ ಕ್ರೈಸ್ತ ಹುಡುಗಿಯನ್ನೇ ಮದುವೆಯಾಗಿದ್ದ. ನಮ್ಮಲ್ಲಿ ಅವಳಿಗದು ಮೊದಲ ಕ್ರಿಸ್‌ಮಸ್. ಮಡಗಾಂವಿನಿಂದ ಅವಳ ತಾಯಿ ಬೇರೆ ಬರುವವರಿದ್ದರು. ಮಗಳು ಯಾರದೋ ಮನೆ ಸೇರಿದಳೆಂದು ಮದುವೆಯಲ್ಲಿ ಬೀಗಿತಿ ಅತ್ತ ಅಳು ನನಗಿನ್ನೂ ಮರೆತಿರಲಿಲ್ಲ. ಈ ಮನೆ ಮಗಳದೂ ಹೌದೆಂದು ಆಕೆಗೆ ಕಾಣಿಸಬೇಕಿತ್ತು.

ಅಲಂಕಾರದಲ್ಲಿ ನನ್ನ ಪ್ರತಿಭೆ ಚೌತಿಯ ಮಂಟಪದಷ್ಟೇ. ಅದನ್ನೂ ಪ್ರತಿವರ್ಷ ಹೆಂಡತಿ ಬಿಚ್ಚಿ ಮತ್ತೆ ಕಟ್ಟುತ್ತಾಳೆ. ದೀಪಾವಳಿಯ ಆಕಾಶಬುಟ್ಟಿಯನ್ನೇ ಒರೆಸಿ ನಕ್ಷತ್ರದ ಕೆಲಸಕ್ಕೆ ಹಚ್ಚಿದೆ. ಗೋಡೆ ಬೋಳಾಗಿ ಕಂಡಿತು. ಅಟ್ಟದಲ್ಲಿದ್ದ ಹಳೆಯ ಮೀನುಬಲೆಯನ್ನು ಇಳಿಬಿಟ್ಟು ಚೀನಾ ದೀಪಗಳ ಸರ ಪೋಣಿಸಿದೆ. ಅದರ ಕೆಳಗೆ ಜೆನಿಟಾ ಗೋದಲಿ ಮಾಡಿದಳು: ಹುಲ್ಲು, ಮಣ್ಣಿನ ಕುರಿಗಳು, ಮಲಗಿದ ಬಾಲಯೇಸು.

ಒಂದು ಅನುಮಾನಕ್ಕೆ ಹೆಂಡತಿಯನ್ನು ಕರೆದು ಬಲೆ ಮೂಸಿಸಿದೆ. "ಎಂತ ವಾಸ್ನೆ? ಎಂತದೂ ಇಲ್ಲ. ನೀವು ಸುಮ್ನೆ ಕೂತ್ಕಳಿ," ಎಂದಳು. ಮಗನೂ ಮೂಸಿ ಪಾಸು ಮಾಡಿದ. ಹುಟ್ಟಿದಾರಭ್ಯ ಬಂಗಡೆ, ತಾರ್ಲೆ ಮೀನುಗಳ ನಡುವೆ ಬೆಳೆದ ಮೂಗುಗಳ ಸಾಕ್ಷಿಯನ್ನು ನಂಬಬಾರದೆಂದು ನನಗೆ ಹೊಳೆಯಲಿಲ್ಲ.

ಕೇರಿಯ ಬೆಕ್ಕುಗಳಿಗೆ ಹೊಳೆಯಿತು. ಹಬ್ಬದ ದಿನ ಬೀಗಿತಿ ಕೇಕು ಹಿಡಿದು ಒಳಗೆ ಬಂದಾಗ ಎರಡು ಬೆಕ್ಕು ಬಲೆಯಲ್ಲಿ ಜೋತಾಡುತ್ತಿದ್ದವು. ಮೂರನೆಯದು ಕುರಿಗಳನ್ನೆಲ್ಲ ಉರುಳಿಸಿ, ಬಾಲಯೇಸುವಿನ ಪಕ್ಕ ಹುಲ್ಲಿನಲ್ಲಿ ಮೈಚಾಚಿತ್ತು. ಮನೆಯಲ್ಲಿ ನಾನು ಬಯಸಿದ ಹಾಗೆ ಬೆಚ್ಚಗಿದ್ದದ್ದು ಅದೊಂದೇ. ಬೀಗಿತಿ ಕರ್ಚೀಫು ಮೂಗಿಗೆ ಹಿಡಿದು ಮಗಳನ್ನು ಕೊಂಕಣಿಯಲ್ಲಿ ಕೇಳಿದರು: "ನಾವೂ ಮೀನು ತಿನ್ನೋರೇ. ಆದ್ರೆ ಇದೆಂತ ವಾಸ್ನೆ?"

ಜೆನಿಟಾ ಬಲೆ ಮೂಸಿದಳು, ಪರದೆ ಮೂಸಿದಳು, ಬೆಕ್ಕನ್ನೂ ಮೂಸಿದಳು. "ಎಂತ ವಾಸ್ನೆ ಮಮ್ಮಿ? ನಂಗೆಂತದೂ ಬರೂದಿಲ್ವಲ್ಲ!"

ಬೀಗಿತಿ ಮಗಳನ್ನೇ ನೋಡಿದರು. ಆಮೇಲೆ ಕೇಕು ಮೇಜಿನ ಮೇಲಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹುಡುಗಿ ಪೂರ್ತಿ ನಮ್ಮವಳಾಗಿದ್ದಳು. ನನಗಂತೂ ಕುಣಿಯುವಷ್ಟು ಖುಷಿಯಾಯಿತು.

ಖುಷಿ ಮರುದಿನದವರೆಗೆ ಉಳಿಯಿತು. ಕಾರವಾರದ ಬಸ್ಸಿನಲ್ಲಿ ಪಕ್ಕದವರು ಎಂದಿನಂತೆ ಎದ್ದು ಹಿಂದಿನ ಸೀಟಿಗೆ ಹೋದರು. ಇಷ್ಟು ವರ್ಷ ಅದನ್ನು ನಾನು ನನ್ನ ನರೆತ ತಲೆಗೆ ಸಿಗುವ ಮರ್ಯಾದೆ ಎಂದುಕೊಂಡಿದ್ದೆ.