ಐವತ್ತೈದು ಇಂಚಿನ ಅತ್ತೆ

ಅಂಗಡಿಯ ಪೊಟ್ಟಣದ ಕಿಮ್ಚಿಗೂ ಅತ್ತೆ ಹಾಕುವ ಕಿಮ್ಚಿಗೂ ರುಚಿಯಲ್ಲಿ ಅಂಥ ವ್ಯತ್ಯಾಸವೇನಿಲ್ಲ ಎಂದು ಟಾಕ್ ಗ್ಯೂಮನ್ ಊಟದ ನಡುವೆ ಬಾಯಿತಪ್ಪಿ ಆಡಿದ್ದು ಹೋದ ವರ್ಷ. ಅತ್ತೆ ಒಕ್ಬುನ್ ಚಮಚ ಕೆಳಗಿಟ್ಟಳು, ಬಾಯಿ ಒರೆಸಿಕೊಂಡಳು, ಅಂಗಳ ದಾಟಿ ಎದುರು ಕಟ್ಟಡದ ತನ್ನ ಮನೆಗೆ ನಡೆದಳು. ಅಂದಿನಿಂದ ಅಳಿಯನ ಮನೆಗೆ ಉಪ್ಪು ಖಾರ ಹಚ್ಚಿ ಹುಳಿಸಿದ ಆ ಎಲೆಕೋಸಿನ ಒಂದು ಎಸಳೂ ಬಂದಿರಲಿಲ್ಲ.

ಮೊಕ್ಪೊ ಊರಿನ ಆ ಚಳಿಗಾಲವನ್ನು ಗ್ಯೂಮನ್ ಹೇಗೆ ಕಳೆದನೋ ಅವನಿಗೇ ಗೊತ್ತು. ಎದುರಿನ ಬಾಲ್ಕನಿಯಿಂದ ಮೆಣಸಿನಪುಡಿ, ಬೆಳ್ಳುಳ್ಳಿ, ಉಪ್ಪು ಸೀಗಡಿಗಳ ಘಮ ತೇಲಿ ಬರುತ್ತಿತ್ತು. ಅವನು ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದಿಟ್ಟು, ಆ ವಾಸನೆಯನ್ನೇ ನಂಚಿಕೊಂಡು ಬರೀ ಅನ್ನ ತಿನ್ನುತ್ತಿದ್ದ.

ಈಗ ಅತ್ತೆಗೆ ಎಪ್ಪತ್ತು ತುಂಬಿತ್ತು. ವಸತಿಸಮುಚ್ಚಯದ ಹಿರಿಯರ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಔತಣ. ಆ ಕೋಣೆಗೆ ಹೊಸದಾಗಿ ಐವತ್ತೈದು ಇಂಚಿನ ಟಿವಿ ಬಂದಿತ್ತು, ಚರ್ಮದ ಸುಕ್ಕನ್ನೂ ಎಣಿಸಬಹುದಾದಷ್ಟು ಸ್ಪಷ್ಟ. ಅತ್ತೆಯ ಇಡೀ ಬದುಕನ್ನು ಅದರಲ್ಲಿ ಮೆರೆಸುತ್ತೇನೆಂದು ಗ್ಯೂಮನ್ ಸಾರಿಬಿಟ್ಟಿದ್ದ.

"ಇದೊಂದು ಅಮ್ಮನಿಗೆ ಹಿಡಿಸಿಬಿಟ್ರೆ ಎರಡು ಡಬ್ಬಿ ಗ್ಯಾರಂಟಿ. ಕೆಡಿಸಿದ್ರೋ, ಸಾಯೋ ತನಕ ಪೊಟ್ಟಣಾನೇ," ಎಂದಿದ್ದಳು ಹೆಂಡತಿ ಬೊಕ್ಸಿಲ್.

ಬೆಳಿಗ್ಗೆ ಎಂಟಕ್ಕೆ ಅವನು ಪೆನ್‌ಡ್ರೈವನ್ನು ಮನೆಯ ಟಿವಿಗೆ ಚುಚ್ಚಿ ತಾಲೀಮು ಶುರುಮಾಡಿದ. ಒಟ್ಟು ಅರವತ್ತೊಂದು ಫೋಟೊ. ಕೊನೆಯದೇ ಕಿರೀಟ. ಹೋದ ಶರತ್ಕಾಲದಲ್ಲಿ ಅವನೇ ತೆಗೆದದ್ದು. ಹಬ್ಬದ ಉಡುಪಾದ ನೇರಳೆ ಹನ್‌ಬೊಕ್ ಉಟ್ಟ ಅತ್ತೆ ಪರ್ಸಿಮನ್ ಮರದ ಕೆಳಗೆ, ಚಂದಮಾಮನಿಗೇ ಸಾಲ ಕೊಟ್ಟವಳ ಹಾಗೆ ನಗುತ್ತಿದ್ದಳು. ಆದರೆ ಕ್ಯಾಮೆರಾವನ್ನು ನೆಟ್ಟಗೆ ಹಿಡಿದು ತೆಗೆದ ಉದ್ದನೆಯ ಫೋಟೊ. ಅಗಲದ ಟಿವಿಯಲ್ಲಿ ಅದು ನಟ್ಟನಡುವೆ ನಿಂತಿತು. ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ.

ಅಷ್ಟರಲ್ಲಿ ಮೇಲ್ಮನೆಯ ನಿವೃತ್ತ ಹೆಡ್‌ಮಾಸ್ಟರ್ ಗುಕ್, ಏಣಿ ಕೇಳಲೆಂದು ಒಳಗೆ ಕಾಲಿಟ್ಟವರು, ಟಿವಿ ಕಂಡು ಅಲ್ಲೇ ನಿಂತರು. ಟೋಪಿ ತೆಗೆದರು.

"ಅಯ್ಯೋ ಪಾಪ! ಯಾವಾಗ ಹೋದ್ರಪ್ಪಾ? ನಿನ್ನೆ ಸಂಜೆ ಮೂಲಂಗಿಯವನ ಹತ್ರ ಜಗಳ ಆಡ್ತಿದ್ರಲ್ಲ, ಗುಂಡುಕಲ್ಲಿನ ಹಾಗಿದ್ರು!"

ಗ್ಯೂಮನ್‌ಗೆ ಆಗ ಹೊಳೆಯಿತು. ಕಪ್ಪು ಪಟ್ಟಿಯ ನಡುವೆ ನಿಲ್ಲುವುದು ತೀರಿಕೊಂಡವರ ಫೋಟೊ ಮಾತ್ರ. ಅವನು ಅತ್ತೆಯನ್ನು ಹುಟ್ಟುಹಬ್ಬದ ದಿನವೇ ಹೊಗೆ ಹಾಕಿಸಲು ಹೊರಟಿದ್ದ.

"ಹೋಗಿಲ್ಲ ಸಾರ್, ಇದ್ದಾರೆ! ಚೆನ್ನಾಗಿ ಇದ್ದಾರೆ!"

"ಮತ್ತೆ ಪಟ್ಟಿ ಯಾಕಯ್ಯಾ ಹಾಕ್ದೆ?"

ಗ್ಯೂಮನ್ ರಿಮೋಟು ಒತ್ತಿದ. ಚಿತ್ರ ಅಗಲಕ್ಕೆ ಹಿಗ್ಗಿ ಪರದೆ ತುಂಬಿತು.

"ಇದ್ಯಾರು? ನಮ್ಮಮ್ಮನ್ನ ಕಿಮ್ಚಿ ಜಾಡಿ ಮಾಡಿಬಿಟ್ರಲ್ರೀ!" ಬೊಕ್ಸಿಲ್ ಅಡುಗೆಮನೆಯಿಂದ ಕೂಗಿದಳು.

ಇನ್ನೊಂದು ಗುಂಡಿ ಒತ್ತಿದ. ಈಗ ಅತ್ತೆಯ ಅಳತೆ ಸರಿಹೋಯಿತು, ತಲೆ ಮಾತ್ರ ಮೇಲೆ ಹೊರಗೆ ಹೋಯಿತು. ಪರದೆಯ ತುಂಬ ನೇರಳೆ ಬಟ್ಟೆ, ಪಕ್ಕಕ್ಕೆರಡು ಪರ್ಸಿಮನ್ ಹಣ್ಣು.

"ತಲೆ ಇಲ್ದೇ ಇದ್ರೂ ನಮ್ಮ ಒಕ್ಬುನ್ ಅವರೇ ಅಂತ ಗೊತ್ತಾಗುತ್ತೆ ನೋಡಿ," ಎಂದು ಹೆಡ್‌ಮಾಸ್ಟರ್ ಮೆಚ್ಚಿಕೊಂಡರು.

ಈ ಗದ್ದಲಕ್ಕೆ ಪಕ್ಕದ ಮನೆಯ ಔಷಧದಂಗಡಿಯ ಪ್ಯೊ ಮೇಡಂ ಬಂದಳು. ಬಂದವಳೇ ಗ್ಯೂಮನ್‌ನ ಮುಖ ನೋಡಿ, "ಬಿಪಿ ಮಾತ್ರೆ ತಗೊಂಡ್ರಾ? ಕೆಂಪು ಮೂಲಂಗಿ ಆಗಿದೀರ," ಎಂದಳು.

"ಮೆತ್ತಗೆ ಮಾತಾಡ್ರೀ! ಅದು ನಮ್ಮತ್ತೆ ಕಿವಿಗೆ ಬೀಳಬಾರ್ದು."

"ಸರಿ ಬಿಡಿ. ಕಪ್ಪು ಜಾಗದಲ್ಲಿ ಹೂವು ತುಂಬಿಸ್ರೀ. ಅಷ್ಟೂ ಗೊತ್ತಾಗಲ್ವಾ ಗಂಡಸ್ರಿಗೆ?"

ಅವಳೇ ಕಂಪ್ಯೂಟರಿನ ಮುಂದೆ ಕೂತು ಸೇವಂತಿಗೆ ಆರಿಸಿದಳು. ಚೆಂದ ಕಾಣಲೆಂದು ಬಿಳಿಯದನ್ನೇ ಆರಿಸಿದಳು. ಸಾವಿನ ಮನೆಯಲ್ಲಿಡುವ ಬಿಳಿ ಸೇವಂತಿಗೆಯ ರಾಶಿಯ ನಡುವೆ ಅತ್ತೆ ಮೂಡಿದ್ದೇ ತಡ, ಹೆಡ್‌ಮಾಸ್ಟರ್ ಎರಡನೆಯ ಸಲ ಟೋಪಿ ತೆಗೆದರು.

"ಈಗಂತೂ ಮಣ್ಣಿಗೂ ಹೋಗಿ ಬಂದ ಹಾಗಾಯ್ತು," ಎಂದರು.

ಕೊನೆಗೆ ಬದಿಗಳಿಗೆಲ್ಲ ಪೀಚ್ ಹೂವಿನ ಗುಲಾಬಿ ಬಣ್ಣ ಬಳಿದು, ಟಿವಿಯ ಅಗಲಕ್ಕೆ ಸರಿಯಾಗಿ ಹೊಸ ಚಿತ್ರ ಮಾಡಿ, ಪೆನ್‌ಡ್ರೈವಿಗೆ ಸುರಿದುಕೊಂಡು ಗ್ಯೂಮನ್ ಓಡುವಾಗ ಗಂಟೆ ಹನ್ನೊಂದೂಮುಕ್ಕಾಲು. ಹಳೆಯ ಚಿತ್ರವನ್ನು ಅಳಿಸಬೇಕಿತ್ತು. ಆದರೆ ಹೊರಡುವ ಗಡಿಬಿಡಿಯಲ್ಲಿ ಹೆಂಡತಿ ಅವನ ಸೊಂಟಕ್ಕೆ ಹನ್‌ಬೊಕ್ಕಿನ ದೊಗಳೆ ಚಲ್ಲಣ ಬಿಗಿಯುತ್ತಿದ್ದಳು; ನೆನಪು ಅದರೊಳಗೇ ಎಲ್ಲೋ ಸಿಕ್ಕಿಹಾಕಿಕೊಂಡಿತು.

ಹಿರಿಯರ ಕೋಣೆಯಲ್ಲಿ ಮೂವತ್ತು ಮುದುಕಿಯರು ಸಾಲಾಗಿ ಕೂತಿದ್ದರು. ಟಿವಿಯ ಕೆಳಗೆ ಔತಣದ ಮೇಜು. ಮೇಲೆ ಮೊಳದೆತ್ತರ ಪೇರಿಸಿದ ಸೇಬು, ಚೆಸ್ಟ್‌ನಟ್, ಅಕ್ಕಿಕಡುಬು, ಎರಡು ಬದಿಗೆ ಎರಡು ಮೇಣದಬತ್ತಿ. ಅದರ ಮುಂದೆ ಅತ್ತೆ ರಾಣಿಯ ಹಾಗೆ ಕೂತಿದ್ದಳು. ಅವಳ ಕಾಲ ಬಳಿ ಕೆಂಪು ಬಟ್ಟೆಯಲ್ಲಿ ಕಟ್ಟಿದ ಎರಡು ಡಬ್ಬಿ ಇದ್ದವು. ಗ್ಯೂಮನ್‌ನ ಮೂಗು ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿತು.

ಫೋಟೊಗಳು ಒಂದೊಂದಾಗಿ ಹರಿದವು. ಹುಡುಗಿ ಒಕ್ಬುನ್, ಮದುಮಗಳು ಒಕ್ಬುನ್, ಮೀನುಮಾರುಕಟ್ಟೆಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತ ಒಕ್ಬುನ್. ಮುದುಕಿಯರು ಅತ್ತರು, ನಕ್ಕರು, ಮೂಗು ಸೀಟಿದರು. ಗುಲಾಬಿ ಬಣ್ಣದ ಕಿರೀಟಚಿತ್ರ ಮೂಡಿದಾಗ ಚಪ್ಪಾಳೆ ಬಿತ್ತು. ನಮಸ್ಕಾರಕ್ಕೆ ಇದೇ ಹೊತ್ತೆಂದು ಗ್ಯೂಮನ್ ಮುಂದೆ ಬಂದು ಅತ್ತೆಗೆ ಹಣೆ ನೆಲಕ್ಕೆ ಮುಟ್ಟಿಸಿ ಅಡ್ಡಬಿದ್ದ. ಬದುಕಿರುವವರಿಗೆ ಒಂದು ನಮಸ್ಕಾರ, ಸತ್ತವರಿಗೆ ಎರಡು. ಇಷ್ಟು ಯಾರಿಗೆ ಗೊತ್ತಿಲ್ಲ?

ಎದ್ದು ತಲೆಯೆತ್ತಿದ. ಟಿವಿ ಅರವತ್ತೆರಡನೆಯ ಫೋಟೊಗೆ ಹೋಗಿ ಅಲ್ಲೇ ನಿಂತಿತ್ತು. ಅಳಿಸದೇ ಉಳಿದದ್ದು. ಎರಡು ಕಪ್ಪು ಪಟ್ಟಿ, ನಡುವೆ ಅತ್ತೆ, ಕೆಳಗೆ ಹಣ್ಣಿನ ರಾಶಿ, ಉರಿಯುವ ಮೇಣದಬತ್ತಿ. ಸಾವಿನ ಮನೆಗೆ ಬೇಕಾದದ್ದು ಇನ್ನೊಂದೂ ಬಾಕಿ ಇರಲಿಲ್ಲ.

"ಪ್ಲಗ್ಗು!" ಎಂದು ಕಿರುಚಿ ಗ್ಯೂಮನ್ ಹಾರಿದ. ಚಲ್ಲಣ ಕಾಲಿಗೆ ತೊಡರಿತು. ಧೊಪ್ಪೆಂದು ಅತ್ತೆಯ ಪಾದದ ಮುಂದೆ ಉದ್ದಕ್ಕೆ ಬಿದ್ದ.

ಎರಡನೆಯ ನಮಸ್ಕಾರ.

ಹಿಂದಿನ ಸಾಲಿನಲ್ಲಿ ಹೆಡ್‌ಮಾಸ್ಟರು ಅಭ್ಯಾಸಬಲದಿಂದ ಟೋಪಿ ತೆಗೆದರು.

ಅತ್ತೆ ನಿಧಾನಕ್ಕೆ ಕತ್ತು ಹೊರಳಿಸಿ ಟಿವಿ ನೋಡಿದಳು.

"ಇದನ್ನ ತೆಗೆದಿದ್ದು ಯಾರು?"

"ನಾ... ನಾನೇ, ಅತ್ತೆ."

"ಕಡೇ ದಿನಕ್ಕೆ ಒಂದು ಫೋಟೊ ಇರ್ಲಿ ಅಂತ ಮೂರು ಸ್ಟುಡಿಯೋಗೆ ಹೋಗಿ ಕೂತೆ ಕಣಪ್ಪಾ. ಒಬ್ಬ ಸೀನು ಬಂದೋಳ ಹಾಗೆ ತೆಗೆದ, ಇನ್ನೊಬ್ಬ ಕಳ್ಳೀ ಹಾಗೆ. ಮೂರನೇವ್ನು ನನ್ನ ಗಂಡನ ಹಾಗೆ ತೆಗೆದ! ಇದು ನೋಡು, ಇದು ನಾನು. ಪಟ್ಟಿ ಹಾಕಿ ಎಷ್ಟು ಒಪ್ಪವಾಗಿ ತೋರ್ಸಿದೀಯ." ಅವಳ ಕಣ್ಣು ಒದ್ದೆಯಾಯಿತು. "ನನ್ನ ಮಣ್ಣಿನ ದಿನ ಈ ಫೋಟೊ ಎದೆಗೊತ್ತಿಕೊಂಡು ಮುಂದೆ ನಡಿಯೋನು ನೀನೇ, ಅಳಿಯಪ್ಪ. ಮಗನಿಗೂ ಕೊಡಲ್ಲ."

ಮುದುಕಿಯರು "ನಂಗೂ ಒಂದು ಹಾಗೇ ಪಟ್ಟಿ ಹಾಕಿಕೊಡು" ಎಂದು ಮುಗಿಬಿದ್ದರು. ಅತ್ತೆ ಬಾಗಿ, ಕೆಂಪು ಗಂಟುಗಳನ್ನು ಎತ್ತಿ ಮುಂದೆ ಚಾಚಿದಳು. ಗ್ಯೂಮನ್ ಎರಡೂ ಕೈ ಒಡ್ಡಿದ.

"ಅಯ್ಯಯ್ಯೋ, ಕೊಡಬೇಡಿ ಅಜ್ಜೀ!" ಪ್ಯೊ ಮೇಡಂ ಎದ್ದು ನಿಂತಳು. "ಇವರಿಗೆ ಉಪ್ಪೇ ಆಗಲ್ಲ! ಬಿಪಿ ನೂರಾ ಎಂಬತ್ತು, ನಾನೇ ಅಳೆದಿದೀನಿ!"

ಡಬ್ಬಿಗಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು.

"ನೂರಾ ಎಂಬತ್ತಾ? ನನ್ನ ಫೋಟೊ ಹಿಡಿಯೋನೇ ನನಗಿಂತ ಮುಂಚೆ ಹೊರಟ್ರೆ ಹೆಂಗಪ್ಪಾ? ಇವತ್ತಿಂದ ನಿನಗೆ ಚಪ್ಪೆ ಊಟ. ಈ ಫೋಟೊ ಮುಂಚೇನೇ ಮಾಡಿಸಿಟ್ಟೋರಿಗೆ ಆಯಸ್ಸು ಹೆಚ್ಚು. ಇನ್ನೊಂದು ಮೂವತ್ತು ವರ್ಷ ತಡ್ಕೋ." ಮಗಳು ಕಿವಿಯಲ್ಲಿ ಏನೋ ಉಸುರಿದ್ದನ್ನು ಕೇಳಿ, ಅವಳು ಸುತ್ತ ನೋಡಿ ಡಬ್ಬಿಗಳನ್ನು ಹೆಡ್‌ಮಾಸ್ಟರ ತೊಡೆಯ ಮೇಲಿಟ್ಟಳು. "ಪಾಪ, ಬೆಳಿಗ್ಗೆಯಿಂದ ನನಗಾಗಿ ಮೂರು ಸಲ ಟೋಪಿ ತೆಗೆದ್ರಂತೆ."

ಸಂಜೆ ಮೇಲ್ಮನೆಯಿಂದ ಮೆಣಸಿನಪುಡಿ, ಬೆಳ್ಳುಳ್ಳಿ, ಉಪ್ಪು ಸೀಗಡಿಗಳ ಘಮ ಇಳಿಯಿತು. ಗ್ಯೂಮನ್ ಚಪ್ಪೆ ಗಂಜಿಯ ಬಟ್ಟಲು ಹಿಡಿದು ಮೆಲ್ಲಗೆ ಕಿಟಕಿ ತೆರೆದ.

"ಮುಚ್ಚೋ ಕಿಟಕಿ!" ಎದುರಿನ ಬಾಲ್ಕನಿಯಿಂದ ಅತ್ತೆಯ ಗಂಟಲು ಅಂಗಳವನ್ನೇ ಅದುರಿಸಿತು. "ವಾಸನೇಲೂ ಉಪ್ಪಿರುತ್ತೆ!"